ಮೂರನೇ ನಂಬರಿನ ಬಾಟಲಿ

ಆರು ವರ್ಷ ನಾನು ಸುಳ್ಳು ನೀರು ತುಂಬಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಳ್ಳೆಯವಳು ಅಂದುಕೊಂಡು ಯಾರೂ ಮುಂದಕ್ಕೆ ಓದುವುದು ಬೇಡ.

ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆ ಅದು. ಸುತ್ತು ಹಾಕಿ ಬರಬೇಕೆಂದರೆ ಅರ್ಧ ದಿನ ಬೇಕು. ಪ್ರತಿ ಮಂಗಳವಾರ ಬೆಳಿಗ್ಗೆ ಮೂರು ಜಾಗದ ನೀರನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಒಂದನೇ ನಂಬರು ಪಂಪ್‌ಹೌಸಿನ ಮೆಟ್ಟಿಲು. ಎರಡನೆಯದು ಏರಿಯ ಮೇಲಿನ ತೂಬು. ಮೂರನೆಯದು ದೊಡ್ಡ ಹಳ್ಳ ಬಂದು ಕೆರೆಗೆ ಬೀಳುವ ಬಾಯಿ. ಕೆರೆಯ ಅರ್ಧ ನೀರು ಆ ಹಳ್ಳದ್ದೇ. ಪಂಪ್‌ಹೌಸಿನಿಂದ ಅಲ್ಲಿಗೆ ನಲವತ್ತು ನಿಮಿಷ ನಡೆಯಬೇಕು. ಕೈಯಲ್ಲಿ ಬಾಟಲಿಯ ಕ್ರೇಟು ಇದ್ದರೆ ಇನ್ನೂ ಹೆಚ್ಚು.

ಬಾಟಲಿ ತುಂಬುವುದೇನು ಮಹಾ ಕೆಲಸ ಅನ್ನುತ್ತಾರೆ. ಬಂದು ತುಂಬಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆಯಬೇಕು. ಕ್ರಿಮಿ ನೋಡುವ ಸಣ್ಣ ಬಾಟಲಿಯನ್ನು ಮಾತ್ರ ತೊಳೆಯಕೂಡದು, ಅದರೊಳಗೆ ಮೊದಲೇ ಔಷಧಿ ಹಾಕಿರುತ್ತಾರೆ. ಮುಚ್ಚಳದ ಒಳಗೆ ಬೆರಳು ತಾಗಬಾರದು. ಹರಿಯುವ ನೀರಾದರೆ ಮೊಣಕಾಲವರೆಗೆ ಇಳಿದು, ಬಾಟಲಿಯ ಬಾಯನ್ನು ನೀರು ಬರುವ ಕಡೆಗೆ ಹಿಡಿದು ತುಂಬಬೇಕು. ಆಮೇಲೆ ಚೀಟಿ. ಚೀಟಿಯಲ್ಲಿ ನಾಲ್ಕು ಸಂಗತಿ: ಜಾಗ, ಹೊತ್ತು, ಬಿಸಿಲೋ ಮಳೆಯೋ, ಸಹಿ.

ಚೀಟಿ ಬರೆಯುವುದನ್ನು ನನಗೆ ಕಲಿಸಿದವರು ಲ್ಯಾಬ್ ಮೇಡಂ. ಊರ ನಡುವಿನ ಕಚೇರಿಯಲ್ಲಿ ಕೂತು ನನ್ನ ಬಾಟಲಿಗಳನ್ನು ಪರೀಕ್ಷೆ ಮಾಡುವವರು ಅವರು. ಸಣ್ಣ ಆಳು, ದಪ್ಪ ಕನ್ನಡಕ, ನಗುವುದು ಕಡಿಮೆ.

"ಟೈಮನ್ನ ಅಂದಾಜಿಗೆ ಬರೀಬೇಡಿ," ಅಂದಿದ್ದರು. "ಗಡಿಯಾರ ನೋಡಿ ಬರೀರಿ. ಬೇರೆ ಯಾರು ಏನೇ ಹೇಳ್ಲಿ, ಟೈಮ್ ಮಾತ್ರ ನಿಮ್ಮದು."

ನಾನು ಒಂದು ಹಳೇ ಕೈಗಡಿಯಾರ ಕೊಂಡೆ. ಹದಿನೆಂಟು ವರ್ಷದಲ್ಲಿ ಎರಡು ಸಲ ಪಟ್ಟಿ ಬದಲಾಯಿಸಿದ್ದೇನೆ, ಗಡಿಯಾರ ಅದೇ ಇದೆ. ಹದಿನೆಂಟು ವರ್ಷವೂ ನಾನು ದಿನಗೂಲಿಯವಳೇ. ಕಚೇರಿಯಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ, 'ಬಾಟ್ಲಿ' ಅಂದರೆ ಸಾಕು. ಕುಡುಕಿಯನ್ನು ಕರೆದ ಹಾಗೆ ಕರೆದು ತಾವೇ ನಗುತ್ತಾರೆ.

ಈ ಕೆಲಸ ನನಗೆ ಯಾಕೆ ಸಿಕ್ಕಿತು ಅಂತ ಹೇಳಬೇಕು.

ಮೂರನೇ ನಂಬರಿನ ಆ ಹಳ್ಳದ ಬಾಯಲ್ಲೇ ನಮ್ಮ ಮನೆ ಇತ್ತು. ಅರವತ್ತು ಮನೆಗಳು. ಅಮ್ಮ ಮದುವೆಯಾಗಿ ಬಂದದ್ದು ಅಲ್ಲಿಗೆ, ನಾನು ಹುಟ್ಟಿದ್ದು ಅಲ್ಲಿ. ನನಗೆ ಇಪ್ಪತ್ತು ತುಂಬಿದ ವರ್ಷ ನೀರಿನ ಇಲಾಖೆಯವರು ಬಂದರು. ಒಬ್ಬ ಜೀಪಿನ ಮೇಲೆ ನಿಂತು ಕಾಗದ ಓದಿದ. ಕುಡಿಯುವ ನೀರಿನ ಪಕ್ಕದಲ್ಲಿ ಜನವಸತಿ ಇರಕೂಡದು, ನಮ್ಮಿಂದ ನೀರು ಕೆಡುತ್ತದೆ, ಅರ್ಧ ಮೈಲಿಯೊಳಗೆ ಯಾವ ಮನೆಯೂ ಇರಬಾರದು. ಅಮ್ಮ ಆಗ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳ ಕೈಯಿಂದ ಸೀರೆ ಕಿತ್ತು ದಡಕ್ಕೆ ಎಸೆದರು.

ಎರಡು ದಿನದಲ್ಲಿ ಮನೆ ಕೆಡವಿದರು. ಅದು ದೊಡ್ಡ ಮಾತಲ್ಲ. ಬಡವರ ಮನೆ ಕೆಡವುವುದನ್ನು ಎಲ್ಲರೂ ನೋಡಿದ್ದಾರೆ. ಕೆಡವಿದ ಮೇಲೆ ನಾಲ್ಕು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು. ನಾವು ಮಲಗಿದ್ದ ನೆಲದ ಮೇಲೆ, ಅಡುಗೆ ಮಾಡಿದ್ದ ಒಲೆಯ ಮೇಲೆ, ಚೀಲ ಚೀಲ ಬ್ಲೀಚಿಂಗ್ ಪೌಡರ್ ಸುರಿದರು. ನಾವು ಇದ್ದ ಜಾಗವನ್ನು ತೊಳೆದರು. ಅಮ್ಮನ ಒಲೆ ಬೆಳ್ಳಗಾಯಿತು. ಅವಳು ನೋಡುತ್ತ ನಿಂತಿದ್ದಳು. ಅಳಲಿಲ್ಲ. ಪೌಡರಿನ ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರಿತ್ತು, ಯಾರದ್ದು ಅಳು ಅಂತ ಹೇಳುವ ಹಾಗಿರಲಿಲ್ಲ.

ಮನೆಗೊಂದು ಕೆಲಸ ಕೊಡುತ್ತೇವೆ ಅಂದರು. ಅರವತ್ತು ಮನೆಗೆ ನಾಲ್ಕು ಕೆಲಸ ಬಂತು, ಅದೂ ನಾಲ್ಕು ವರ್ಷ ಅಲೆದ ಮೇಲೆ. ನಮ್ಮನ್ನು ಊರಿನ ಆ ತುದಿಗೆ ಒಯ್ದು ಬಿಟ್ಟರು. ಕೆರೆಯ ಪೈಪು ಕೊನೆಯಾಗುವ ಜಾಗ ಅದು. ನಾವು ಯಾವ ನೀರಿನ ಪಕ್ಕದಲ್ಲಿದ್ದೆವೋ ಅದೇ ನೀರು ನಮಗೀಗ ಎಲ್ಲರಿಗಿಂತ ಕೊನೆಗೆ ಬರುತ್ತದೆ.

ಹನ್ನೆರಡು ವರ್ಷ ನಾನು ಸರಿಯಾಗಿಯೇ ತುಂಬಿದೆ. ಮಂಗಳವಾರ ನಲವತ್ತು ನಿಮಿಷ ನಡೆದು, ನಮ್ಮ ಮನೆ ಇದ್ದ ದಡದಲ್ಲಿ ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿಯುತ್ತಿದ್ದೆ. ನೀರು ತಣ್ಣಗಿರುತ್ತಿತ್ತು. ಕಾಲಿನ ಕೆಳಗಿನ ಕಲ್ಲು ಕಾಣುತ್ತಿತ್ತು.

ಆಮೇಲೆ ಲೇಔಟಿನವನು ಬಂದ.

ನಮ್ಮನ್ನು ಎಬ್ಬಿಸುವಾಗ ಅರ್ಧ ಮೈಲಿ ಇದ್ದ ಗೆರೆ, ಅವನು ಬರುವ ಹೊತ್ತಿಗೆ ಮೂವತ್ತು ಮೀಟರಿಗೆ ಇಳಿದಿತ್ತು. ಎಲ್ಲಿ ಇಳಿಯಿತು, ಯಾರು ಇಳಿಸಿದರು, ನನಗೆ ಗೊತ್ತಿಲ್ಲ. ಆ ಕಾಗದವನ್ನು ಯಾರೂ ಜೀಪಿನ ಮೇಲೆ ನಿಂತು ಓದಲಿಲ್ಲ. ಹಳ್ಳದ ಮೇಲಿನ ಗುಡ್ಡವನ್ನು ಯಂತ್ರಗಳು ಅಗೆದವು. ಮರ ಹೋಯಿತು, ಹುಲ್ಲು ಹೋಯಿತು. ಮಳೆ ಬಂದಾಗ ಗುಡ್ಡದ ಮಣ್ಣೆಲ್ಲ ಹಳ್ಳಕ್ಕೆ ಇಳಿಯಿತು. ದೊಡ್ಡ ಬೋರ್ಡು ಹಾಕಿದರು: 'ನೀರಿನ ಪಕ್ಕ, ನೆಮ್ಮದಿಯ ಬದುಕು'. ಅದನ್ನು ನಾನು ಎರಡು ಸಲ ಓದಿದೆ.

ಹಳ್ಳದ ಬಾಯಲ್ಲಿ ಈಗ ಕೆಸರು. ಮೊಣಕಾಲು ಹೂತರೆ ಕೀಳಲು ಎರಡೂ ಕೈ ಬೇಕು. ಸಿಮೆಂಟು ತೊಳೆದ ನೀರು, ಎಣ್ಣೆ, ಕೆಲಸಗಾರರ ಮಲ, ಎಲ್ಲ ಅದರಲ್ಲೇ. ಒಂದು ತಿಂಗಳಲ್ಲಿ ನನ್ನ ಎರಡೂ ಮೀನಖಂಡದ ಮೇಲೆ ಹುಣ್ಣಾಯಿತು. ಗಮ್‌ಬೂಟು ಕೊಡಿ ಅಂತ ಅರ್ಜಿ ಬರೆದೆ. ಏಳು ತಿಂಗಳ ಮೇಲೆ ಬಂತು. ಎರಡೂ ಎಡಗಾಲಿನವು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಸ್ತ್ರಿ ಅಂದರೆ ಪಂಪ್‌ಹೌಸಿನ ಕೂಲಿಯವರನ್ನೆಲ್ಲ ನೋಡಿಕೊಳ್ಳುವವನು. ಕೆಟ್ಟವನು ಅಂತ ಹೇಳಲಾರೆ. ಮೇಲಿನವರು ಕೂತ್ಕೋ ಅಂದರೆ ಕೂರುವವನು, ಅಷ್ಟೇ. ನಕ್ಕು ಮುಗಿದ ಮೇಲೆ ನನ್ನ ಕಾಲು ನೋಡಿದ.

"ಅಯ್ಯೋ ಮಾರಾಯ್ತಿ, ಇದೇನು ಗತಿ! ಯಾಕೆ ಅಲ್ಲಿವರೆಗೂ ಹೋಗಿ ಸಾಯ್ತೀಯ? ಇಲ್ಲೇ ಮೆಟ್ಲಲ್ಲಿ ತುಂಬು."

"ಅದು ಒಂದನೇ ನಂಬರು ಮೇಸ್ತ್ರಿ."

"ಕೆರೆ ಒಂದೇ ತಾನೇ? ಈ ಕಡೆ ನೀರು, ಆ ಕಡೆ ನೀರು ಅಂತ ಗೋಡೆ ಕಟ್ಟಿದಾರಾ? ದೊಡ್ಡ ಸಾಹೇಬ್ರೂ ಹಾಗೇ ಅಂದ್ರು. ಆ ದಾರೀಲಿ ಲೇಔಟಿನೋರು ಗೇಟ್ ಬೇರೆ ಹಾಕಿದಾರೆ. ಚೀಟಿ ಮೇಲೆ ಮೂರು ಅಂತ ಬರಿ, ಮುಗೀತು."

ದೊಡ್ಡ ಸಾಹೇಬರು ಅಂದರೆ ಇಲಾಖೆಯ ಎಂಜಿನಿಯರು. ಅವರೇ ಹಾಗಂದಿದ್ದಾರೆ ಅಂದಾಗ ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಕಾಲು ಉರಿಯುತ್ತಿತ್ತು. ಮಾರನೇ ಮಂಗಳವಾರ ಮೆಟ್ಟಿಲ ಮೇಲೆ ಕೂತು ಒಂದನೇ ನಂಬರು ತುಂಬಿದೆ. ಅದೇ ಮೆಟ್ಟಿಲಲ್ಲಿ, ಅದೇ ನೀರಲ್ಲಿ, ಮೂರನೇ ನಂಬರು ತುಂಬಿದೆ. ಹುಣ್ಣು ವಾಸಿಯಾಯಿತು. ಆರು ವರ್ಷ ಹಾಗೇ ನಡೆಯಿತು.

ಒಂದೆರಡು ಸಲ ಲ್ಯಾಬ್ ಮೇಡಂ ಕೇಳಿದರು. "ಮಳೆಗಾಲದಲ್ಲೂ ಮೂರನೇ ನಂಬರು ಇಷ್ಟು ತಿಳಿಯಾಗಿರುತ್ತಾ?"

"ಹೌದು ಮೇಡಂ."

ಅವರು ನನ್ನ ಮುಖ ನೋಡಿದರು. ನಾನು ಕ್ರೇಟು ನೋಡಿದೆ.

ಹೋದ ಮಳೆಗಾಲ ನಮ್ಮ ಕಡೆಯ ನಲ್ಲಿಯಲ್ಲಿ ಹಳದಿ ನೀರು ಬಂತು. ಮೊದಲು ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಪಕ್ಕದ ಮನೆಯ ಹಾಲುಗೂಸು ಮೂರೇ ದಿನದಲ್ಲಿ ಹೋಯಿತು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಒಂಬತ್ತು ದಿನ ಆಸ್ಪತ್ರೆ. ಅವಳ ಮೈ ಹಿಂಡಿದ ಬಟ್ಟೆಯ ಹಾಗಾಗಿತ್ತು. ನಾನು ದಿನಕ್ಕೆ ಆರು ಸಲ ಅವಳ ಕೆಳಗಿನ ಬಟ್ಟೆ ತೆಗೆದು ಒಗೆದೆ. ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆ ಅಂದರು, "ನಿಮ್ಮ ಏರಿಯಾದೋರೇ ಎಲ್ಲ. ಸ್ವಲ್ಪ ಕ್ಲೀನಾಗಿರೋದು ಕಲೀರಮ್ಮ."

ನಾನು ಲ್ಯಾಬ್ ಮೇಡಂ ಹತ್ತಿರ ಹೋಗಿ ಕೇಳಿದೆ, ಪಂಪ್‌ಹೌಸಲ್ಲಿ ಔಷಧಿ ಹಾಕಿದ ನೀರು ಹೇಗೆ ಕೆಡುತ್ತದೆ ಅಂತ.

"ನೀರಲ್ಲಿ ಕೆಸರು ಜಾಸ್ತಿ ಬಂದ್ರೆ ಔಷಧಿ ಕೆಲಸ ಮಾಡಲ್ಲ," ಅಂದರು. "ಕೆಸರು ಬರ್ತಿದೆ ಅಂತ ಮೊದಲೇ ಗೊತ್ತಾದ್ರೆ ಪಂಪ್ ನಿಲ್ಲಿಸಬಹುದು. ಅದಕ್ಕೇ ತಾನೇ ಮೂರನೇ ನಂಬರು ಇರೋದು. ಆದರೆ ನಿಮ್ಮ ಮೂರನೇ ನಂಬರಲ್ಲಿ ಕೆಸರೇ ಇಲ್ವಲ್ಲ."

ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆಗಲೂ ಹೇಳಲಿಲ್ಲ.

ಮುಂದಿನ ಮಂಗಳವಾರ ಮಳೆ ಬರುತ್ತಿತ್ತು. ಆರು ವರ್ಷದ ಮೇಲೆ ನಾನು ಕ್ರೇಟು ಹೊತ್ತು ಹಳ್ಳದ ಕಡೆ ನಡೆದೆ. ಲೇಔಟಿನ ಗೇಟಿನವನು ಬಿಡಲಿಲ್ಲ. "ಕೆಲಸದೋರು ಹಿಂದಿನ ಗೇಟಲ್ಲಿ," ಅಂದ. ನಾನು ಬಗ್ಗಿ ಬೇಲಿಯೊಳಗೆ ನುಸುಳಿದೆ. ಗುಡ್ಡದ ತುಂಬ ಬಿಳಿ ಮನೆಗಳು. ಒಂದೊಂದಕ್ಕೂ ಕೆರೆ ಕಾಣುವ ಬಾಲ್ಕನಿ. ಮನೆಗಳ ಹಿಂದಿನಿಂದ ಒಂದು ದಪ್ಪ ಪೈಪು ಬಂದು ಹಳ್ಳಕ್ಕೆ ಬಾಯಿ ಬಿಟ್ಟಿತ್ತು. ಅದರಿಂದ ಬರುತ್ತಿದ್ದುದು ಮಳೆ ನೀರಲ್ಲ. ವಾಸನೆಯೇ ಹೇಳುತ್ತಿತ್ತು. ಅಮ್ಮನ ಒಲೆ ಇದ್ದ ಕಡೆ ಕುಳಿತು ಕೆರೆ ನೋಡಲು ಕಲ್ಲಿನ ಬೆಂಚು ಹಾಕಿದ್ದರು.

ಅವರ ಹೇಲು ಹೇಲಲ್ಲ. ನಮ್ಮ ಬಟ್ಟೆಯ ಸೋಪಿನ ನೊರೆ ನೀರು ಕೆಡಿಸಿತ್ತು. ಅಲ್ಲಿ ಯಾರೂ ಪೌಡರ್ ಸುರಿಯಲು ಬಂದಿರಲಿಲ್ಲ.

ಹಳ್ಳಕ್ಕಿಳಿದೆ. ತೊಡೆಯವರೆಗೂ ಹೂತೆ. ಬಾಟಲಿಯನ್ನು ಮೂರು ಸಲ ತೊಳೆದೆ. ಬಾಯನ್ನು ನೀರು ಬರುವ ಕಡೆಗೆ ಹಿಡಿದು ತುಂಬಿದೆ. ನೀರು ಹಸಿ ಮಣ್ಣಿನ ಬಣ್ಣದ್ದು. ಗಡಿಯಾರ ನೋಡಿ ಚೀಟಿ ಬರೆದೆ. ಪಂಪ್‌ಹೌಸಿಗೆ ವಾಪಸು ಬರುವ ಹೊತ್ತಿಗೆ ಮೇಸ್ತ್ರಿ ಬಾಗಿಲಲ್ಲೇ ಕಾಯುತ್ತಿದ್ದ. ಗೇಟಿನವನು ಫೋನು ಮಾಡಿದ್ದ. ಮೇಸ್ತ್ರಿ ಕ್ರೇಟಿನಿಂದ ಮೂರನೇ ಬಾಟಲಿ ತೆಗೆದ, ಮುಚ್ಚಳ ತಿರುಗಿಸಿದ, ನನ್ನ ಕಾಲ ಮೇಲೆ ಸುರಿದ.

"ಇನ್ನು ಎರಡು ವಾರಕ್ಕೆ ಅಹವಾಲು ಸಭೆ ಇದೆ," ಅಂದ. "ಲೇಔಟಿನ ಎರಡನೇ ಹಂತ. ನೀರಿನ ಅಂಚಿನವರೆಗೂ ಮನೆ ಬರತ್ತೆ. ಜನ ತಕರಾರು ತೆಗೀತಾರೆ. ಆಗ ಸಾಹೇಬ್ರು ಏನು ತೋರಿಸ್ತಾರೆ ಗೊತ್ತಾ? ನಿನ್ನ ಬಾಟ್ಲಿನ! ಆರು ವರ್ಷದಿಂದ ಮೂರನೇ ನಂಬರು ಶುದ್ಧ. ಮೊದಲನೇ ಹಂತದಿಂದ ನೀರು ಒಂದು ಚೂರೂ ಕೆಟ್ಟಿಲ್ಲ. ತಿಳೀತಾ?"

ತಿಳಿಯಿತು. ತಲೆಯ ಮೇಲೆ ಚಪ್ಪಡಿ ಬಿದ್ದ ಹಾಗೆ ತಿಳಿಯಿತು. ನಮ್ಮನ್ನು ಅಲ್ಲಿಂದ ಓಡಿಸಿದ್ದು ಅವರು. ಅಲ್ಲಿ ಬಿಳಿ ಮನೆ ಬರಲು ದಾರಿ ಮಾಡಿಕೊಟ್ಟಿದ್ದು ನನ್ನ ಸಹಿ.

"ನೀನೇ ಬಂದು ಹೇಳಬೇಕಂತೆ," ಮೇಸ್ತ್ರಿ ದನಿ ತಗ್ಗಿಸಿದ. "ಎಬ್ಬಿಸಿದ ಜನದೋಳೇ ಬಂದು ನೀರು ಚೆನ್ನಾಗಿದೆ ಅಂದ್ರೆ ಎಲ್ಲರ ಬಾಯಿ ಮುಚ್ಚತ್ತೆ. ಒಂದೇ ಮಾತು ಹೇಳು: ಪ್ರತಿ ಮಂಗಳವಾರ ಮೂರನೇ ನಂಬರಿಂದಾನೇ ನೀರು ತುಂಬ್ತೀನಿ. ಅವತ್ತೇ ನಿನ್ನ ಖಾಯಂ ಆದೇಶ ಕೈಗೆ ಬರತ್ತೆ. ನಾನೇ ಟೈಪ್ ಮಾಡ್ಸಿದೀನಿ, ತಾಯಾಣೆ."

ಖಾಯಂ. ಹದಿನೆಂಟು ವರ್ಷ ನಾನು ಆ ಮಾತನ್ನು ಕನಸಲ್ಲಿ ಕೇಳಿದ್ದೇನೆ. ಖಾಯಂ ಆದರೆ ಅಮ್ಮನಿಗೆ ಆಸ್ಪತ್ರೆ ಪುಕ್ಕಟೆ. ರಜೆ. ಪಿಂಚಣಿ. ಯಾವನೋ ಒಬ್ಬ ಬೆಳಿಗ್ಗೆ ಬಂದು 'ನಾಳೆಯಿಂದ ಬರಬೇಡ' ಅನ್ನುವ ಹಾಗಿಲ್ಲ. ನಾನು ಹೂಂ ಅಂದೆ. ಬಾಯಿಬಿಟ್ಟು ಹೂಂ ಅಂದೆ. ಸಭೆಗೆ ಉಟ್ಟು ಬಾ ಅಂತ ಅವನು ಕೊಟ್ಟ ಹೊಸ ಯೂನಿಫಾರಂ ಸೀರೆಯನ್ನೂ ತೆಗೆದುಕೊಂಡೆ.

ಸಭೆಯ ಹಿಂದಿನ ಸಂಜೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಾಯಿಲೆ ಬಿದ್ದಾಗಿನಿಂದ ಅವಳಿಗೆ ಒಂದು ಅಭ್ಯಾಸ. ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾಳೆ. ಹಾಗೆ ನೋಡುತ್ತಲೇ ಕೇಳಿದಳು.

"ಏನು ಹೇಳ್ಬೇಕಂತೆ ನೀನು?"

ಹೇಳಿದೆ.

"ಅಷ್ಟೇನಾ? ದಿನಾ ಮಾಡೋದೇ ತಾನೇ, ಹೇಳು." ಒಂದು ಗುಟುಕು ಕುಡಿದಳು. "ನಮ್ಮ ಹಳ್ಳದ ನೀರು ಈಗ ಹೇಗಿದೆಯೇ? ಕಲ್ಲು ಕಾಣತ್ತಾ ಇನ್ನೂ?"

ಸುಳ್ಳು ಹೇಳಬಹುದಿತ್ತು. ಆರು ವರ್ಷದ ರೂಢಿ ಇತ್ತು. ಆದರೆ ಅವಳು ಹಾಗೆ ಕೇಳಿದಾಗ ನನ್ನ ನಾಲಿಗೆ ಹೊರಳಲಿಲ್ಲ. ಮೆಟ್ಟಿಲಿನಿಂದ ಹಿಡಿದು ಕಾಲ ಮೇಲೆ ಸುರಿದ ಬಾಟಲಿಯವರೆಗೆ ಎಲ್ಲ ಹೇಳಿದೆ. ಪೈಪು, ಬೆಂಚು, ಖಾಯಂ ಆದೇಶ. ಹೇಳಿ ಮುಗಿದ ಮೇಲೆ ಅಮ್ಮ ಬೈಯುತ್ತಾಳೆ, ಇಲ್ಲ ಹತ್ತಿರ ಕರೆಯುತ್ತಾಳೆ ಅಂತ ಕಾದೆ. ಅವಳು ಲೋಟ ಕೆಳಗಿಟ್ಟಳು.

"ಹಾಗಾದ್ರೆ ನನಗೆ ಅದನ್ನ ಕುಡ್ಸಿದೋಳು ನೀನೇ," ಅಂದಳು. "ಆ ಪಕ್ಕದ ಮನೆ ಕೂಸಿಗೂ."

ಗೋಡೆ ಕಡೆ ತಿರುಗಿ ಮಲಗಿದಳು.

ಸಭೆ ಪಾಲಿಕೆಯ ದೊಡ್ಡ ಹಾಲಿನಲ್ಲಿ. ಮುಂದಿನ ಸಾಲುಗಳಲ್ಲಿ ಲೇಔಟಿನವನ ಕಡೆಯವರು, ಅವರ ಹಿಂದೆ ಊರಿನವರು. ನಮ್ಮ ಕಡೆಯಿಂದಲೂ ಇಪ್ಪತ್ತು ಜನ ಬಂದಿದ್ದರು. ಅಮ್ಮ ಕೋಲೂರಿಕೊಂಡು ಬಂದಿದ್ದಳು, ನನ್ನ ಜೊತೆಗಲ್ಲ, ಅವರ ಜೊತೆಗೆ. ಬಾಗಿಲಲ್ಲಿ ಗುಮಾಸ್ತ ಪಟ್ಟಿ ನೋಡಿದ. ಕೆರೆಯ ಅಕ್ಕಪಕ್ಕದಲ್ಲಿ ವಿಳಾಸ ಇರುವವರಿಗೆ ಮಾತ್ರ ಮಾತಾಡಲು ಅವಕಾಶ ಅಂದ.

"ವಿಳಾಸ ಇತ್ತಪ್ಪ," ಅಂದಳು ಅಮ್ಮ. "ನೀವೇ ಕಿತ್ತು ಹಾಕಿದ್ರಿ."

"ಅದೆಲ್ಲ ಗೊತ್ತಿಲ್ಲ ಅಜ್ಜಿ. ಹಿಂದೆ ನಿಂತ್ಕೊಂಡು ನೋಡಿ."

ಅವರು ಗೋಡೆಗೆ ಒರಗಿ ನಿಂತರು. ವೇದಿಕೆಯ ಮೇಲೆ ಅಧ್ಯಕ್ಷರು, ದೊಡ್ಡ ಸಾಹೇಬರು, ಇನ್ನಿಬ್ಬರು. ಪ್ರತಿಯೊಬ್ಬರ ಮುಂದೆಯೂ ಅಂಗಡಿಯ ಸೀಲ್ ಹಾಕಿದ ನೀರಿನ ಬಾಟಲಿ. ನೀರಿನ ಇಲಾಖೆಯ ಸಭೆಯಲ್ಲಿ ಇಲಾಖೆಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಲ್ಯಾಬ್ ಮೇಡಂ ತಮ್ಮ ದಪ್ಪ ರಿಜಿಸ್ಟರುಗಳನ್ನು ಪೇರಿಸಿಕೊಂಡು ಕೂತಿದ್ದರು.

ಸಾಹೇಬರು ಎದ್ದು ನಿಂತು ಬಣ್ಣದ ಚಿತ್ರ ತೋರಿಸಿದರು. ಆರು ವರ್ಷ, ಮುನ್ನೂರು ಪರೀಕ್ಷೆ, ಮೂರನೇ ನಂಬರು ಸದಾ ಶುದ್ಧ. ಆಮೇಲೆ ನನ್ನನ್ನು ಕರೆದರು. ನನ್ನ ಹೆಗಲ ಹತ್ತಿರ ಕೈ ತಂದರು, ಮುಟ್ಟಲಿಲ್ಲ.

"ಈಕೆ ಅಲ್ಲಿಂದ ಸ್ಥಳಾಂತರವಾದ ಕುಟುಂಬದವಳು. ನಮ್ಮ ಇಲಾಖೆ ಈಕೆಗೆ ಬದುಕು ಕೊಟ್ಟಿದೆ. ಹೇಳಮ್ಮ, ಎಲ್ಲಿಂದ ತುಂಬ್ತೀಯ ನೀನು ಮೂರನೇ ಬಾಟ್ಲಿನ?"

ಮೇಸ್ತ್ರಿ ಎದುರಿಗೆ ಕೂತಿದ್ದ. ತೊಡೆಯ ಮೇಲಿನ ಚೀಲವನ್ನು ಮೆಲ್ಲಗೆ ತಟ್ಟಿ ತೋರಿಸಿದ, ಆದೇಶ ಅದರಲ್ಲಿತ್ತು. ನಾನು ಅದನ್ನು ನೋಡಿದೆ. ಹಿಂದಿನ ಗೋಡೆ ನೋಡಿದೆ. ಅಮ್ಮ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

"ಪಂಪ್‌ಹೌಸ್ ಮೆಟ್ಲಿಂದ," ಅಂದೆ.

"ಅದು ಒಂದನೇದು. ಮೂರನೇದು ಕೇಳಿದ್ದು."

"ಮೂರನೇದೂ ಅಲ್ಲಿಂದಾನೇ. ಆರು ವರ್ಷದಿಂದ. ಹಳ್ಳದ ಹತ್ರ ಹೋಗ್ಬೇಡ ಅಂದ್ರು, ನಾನು ಹೋಗಲಿಲ್ಲ. ಚೀಟಿ ಸುಳ್ಳು, ಸಹಿ ನಂದು."

ಹಾಲಿನಲ್ಲಿ ಗದ್ದಲವೆದ್ದಿತು. ಲೇಔಟಿನವನು ನಿಂತು ಕೈ ಬೀಸಿದ. ಸಾಹೇಬರು ನಕ್ಕರು.

"ಇವಳಿಗೆ ಯಾರೋ ಹೇಳಿಕೊಟ್ಟಿದಾರೆ ಸಾರ್. ಖಾಯಂ ಮಾಡಿಲ್ಲ ಅಂತ ಹಗೆ. ಓದು ಬರಹ ಅಷ್ಟಕ್ಕಷ್ಟೇ. ಇವಳ ಬಾಯಿಮಾತಿಗೆ ಸಾಕ್ಷಿ ಏನಿದೆ?"

ಸಾಕ್ಷಿ. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡೆ. ಬೆರಳಿಗೆ ಗಡಿಯಾರ ತಾಗಿತು. ಆಗ ಹೊಳೆಯಿತು. ಜಾಗದ ನಂಬರು ಬದಲಿಸು ಅಂತ ಮೇಸ್ತ್ರಿ ಹೇಳಿದ್ದ. ಹೊತ್ತು ಬದಲಿಸು ಅಂತ ಯಾರೂ ಹೇಳಿರಲಿಲ್ಲ. ನನಗೂ ತೋಚಿರಲಿಲ್ಲ. ಪ್ರತಿ ಮಂಗಳವಾರ ಪೆದ್ದಿಯ ಹಾಗೆ ಗಡಿಯಾರ ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ.

"ಚೀಟಿಲಿ ಟೈಮ್ ಇದೆ," ಅಂದೆ. "ಓದ್ಸಿ. ಒಂದನೇ ನಂಬರು, ಮೂರನೇ ನಂಬರು, ಎರಡರದ್ದೂ ಟೈಮ್ ಓದ್ಸಿ."

ಲ್ಯಾಬ್ ಮೇಡಂ ರಿಜಿಸ್ಟರಿಗೆ ಕೈ ಹಾಕಿದರು.

"ಅದರ ಅಗತ್ಯ ಇಲ್ಲ, ಕೂತ್ಕೊಳ್ರೀ," ಅಂದರು ಸಾಹೇಬರು.

ಮೇಡಂ ಕೂರಲಿಲ್ಲ. ಚೀಟಿಗಳನ್ನೆಲ್ಲ ಅವರು ಅಂಟಿಸಿ ಇಟ್ಟಿದ್ದರು. ಕನ್ನಡಕ ಸರಿಮಾಡಿಕೊಂಡು ಓದಿದರು. "ಒಂದನೇ ನಂಬರು ಏಳು ಹತ್ತು. ಮೂರನೇ ನಂಬರು ಏಳು ಹದಿನೈದು." ಹಾಳೆ ತಿರುಗಿಸಿದರು. "ಏಳು ಐದು. ಏಳು ಹತ್ತು." ಇನ್ನೊಂದು ಹಾಳೆ. "ಏಳು ಹನ್ನೆರಡು. ಏಳು ಹದಿನೇಳು." ಬೇರೆ ರಿಜಿಸ್ಟರು ತೆಗೆದರು, ಬೇರೆ ವರ್ಷದ್ದು. ಅದರಲ್ಲೂ ಐದು ನಿಮಿಷ.

"ಪಂಪ್‌ಹೌಸಿಂದ ಹಳ್ಳದ ಬಾಯಿಗೆ ನಲವತ್ತು ನಿಮಿಷ ನಡೀಬೇಕು," ಅಂದೆ ನಾನು. "ನಡೆಸಿ ನೋಡಿ ಬೇಕಾದ್ರೆ, ಸಾಹೇಬ್ರನ್ನೇ ನಡೆಸಿ. ನಾನು ಕಾಲಲ್ಲಿ ನಡೆಯೋಳು ಸಾರ್. ಐದು ನಿಮಿಷಕ್ಕೆ ಹೋಗಿ ನಿಲ್ಲೋಕೆ ನನಗೇನು ರೆಕ್ಕೆ ಇದೆಯಾ?"

ಹಿಂದಿನ ಗೋಡೆಯ ಕಡೆಯಿಂದ ಯಾರೋ ಗಟ್ಟಿಯಾಗಿ ನಕ್ಕರು. ಆಮೇಲೆ ಊರಿನವರ ಸಾಲಿನಿಂದ ಒಬ್ಬಳು ಎದ್ದು ಕಿರುಚಿದಳು, ಆರು ವರ್ಷದಿಂದ ನಮ್ಮ ಮಕ್ಕಳು ಕುಡಿದಿದ್ದೇನು ಅಂತ. ಕುರ್ಚಿಗಳು ಸರಿದವು. ಸಾಹೇಬರು ಮುಂದಿದ್ದ ಬಾಟಲಿಯ ಸೀಲ್ ಒಡೆದು ಕುಡಿಯತೊಡಗಿದರು. ಮೇಸ್ತ್ರಿ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದ.

ಅಧ್ಯಕ್ಷರು ಮೇಜು ಕುಟ್ಟಿ ಸುಮ್ಮನಿರಿಸಿದರು. ವಯಸ್ಸಾದವರು. ನನ್ನ ಕಡೆ ಬಗ್ಗಿದರು.

"ನೋಡಮ್ಮ, ಇದನ್ನ ಬರೆದುಕೊಂಡ್ರೆ ಎರಡನೇ ಹಂತ ಇವತ್ತಿಗೆ ನಿಲ್ಲತ್ತೆ, ವಿಚಾರಣೆ ಆಗತ್ತೆ. ಆದರೆ ಸುಳ್ಳು ಸ್ಯಾಂಪಲ್ ಕೊಟ್ಟೆ ಅಂತ ನೀನೇ ಒಪ್ಕೊಂಡ ಹಾಗೂ ಆಗತ್ತೆ. ಕೆಲಸ ಹೋಗತ್ತೆ. ಕೇಸೂ ಬೀಳಬಹುದು. ಹೇಳಿಸಿದೋರು ತಪ್ಪಿಸ್ಕೊಂಡ್ರೂ ನೀನು ತಪ್ಪಿಸ್ಕೊಳ್ಳಲ್ಲ. ಯೋಚನೆ ಮಾಡು."

ಅವರು ಹೇಳಿದ್ದು ನಿಜ. ಮೊದಲು ಹೋಗುವುದು ನಾನೇ ಅಂತ ನನಗೂ ಗೊತ್ತಿತ್ತು. ಭಯ ಆಗಲಿಲ್ಲ ಅಂದರೆ ಸುಳ್ಳು. ಆದರೆ ಯೋಚನೆಯನ್ನು ನಾನು ಆರು ವರ್ಷ ಮಾಡಿ ಆಗಿತ್ತು.

"ಬರ್ಕೊಳ್ಳಿ ಸಾರ್," ಅಂದೆ. "ಆಮೇಲೆ ಇನ್ನೊಂದು ಬರ್ಕೊಳ್ಳಿ. ನಮ್ಮಿಂದ ನೀರು ಕೆಡತ್ತೆ ಅಂತ ನಮ್ಮ ಒಲೆ ಮೇಲೆ ಪೌಡರ್ ಸುರಿದ್ರಿ. ಈಗ ಅಲ್ಲಿ ಯಾರಿಂದ ಕೆಡ್ತಿದೆ ಅಂತಾನೂ ಬರ್ಕೊಳ್ಳಿ."

ಗುಮಾಸ್ತ ಬರೆದ. ಬಾಗಿಲಲ್ಲಿ ಅಮ್ಮನನ್ನು ತಡೆದಿದ್ದನಲ್ಲ, ಅವನೇ. ಬರೆದು ನನ್ನ ಮುಂದೆ ಕಾಗದ ಇಟ್ಟು, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟ. ನಾನು ಒಂದೊಂದೇ ಅಕ್ಷರ ಓದಿದೆ. ಹಿಂದೆ ಕೋಲಿನ ಸದ್ದು ಕೇಳಿಸಿತು. ಅಮ್ಮ ಗೋಡೆ ಬಿಟ್ಟು, ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದು ಬರುತ್ತಿದ್ದಳು. ಯಾರೂ ತಡೆಯಲಿಲ್ಲ. ಬಂದು ನನ್ನ ಪಕ್ಕದಲ್ಲಿ ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಸಹಿ ಮಾಡಮ್ಮ, ಹೊತ್ತಾಯ್ತು," ಅಂದ ಗುಮಾಸ್ತ.

"ತಡಿಯಪ್ಪ," ಅಂದೆ.

ಪೆನ್ನು ತೆಗೆದುಕೊಂಡು ಕಾಗದದ ಕೊನೆಗೆ ಜಾಗ ಬರೆದೆ: ಪಾಲಿಕೆ ಸಭಾಂಗಣ. ಗಡಿಯಾರ ನೋಡಿದೆ. ಹೊತ್ತು: ಹನ್ನೆರಡು ಐದು. ಕಿಟಕಿಯ ಕಡೆ ತಲೆ ಎತ್ತಿದೆ. ಹೊರಗೆ ಜೋರಾಗಿ ಹುಯ್ಯಲು ಶುರುವಾಗಿತ್ತು, ಆ ಪೈಪಿನದ್ದೆಲ್ಲ ಈಗ ಕೆರೆಗೆ ಇಳಿಯುತ್ತಿರುತ್ತದೆ. ಮಳೆ ಅಂತ ಬರೆದೆ. ಅದರ ಕೆಳಗೆ ನನ್ನ ಸಹಿ ಹಾಕಿದೆ.